ಕಿತ್ತೂರಿನ ಯಂತ್ರ ಏಸಿ ಕೇಳಿರಲಿಲ್ಲ: ಉತ್ತರ ಕನ್ನಡ ಸಂಸದರಿಗೆ ಬಹಿರಂಗ ಪತ್ರ

ಉತ್ತರ ಕನ್ನಡ ಲೋಕಸಭಾ ಕ್ಷೇತ್ರದ ಮಾನ್ಯ ಸದಸ್ಯರಿಗೆ,

ನಮಸ್ಕಾರ. ನಿಮ್ಮ ಕ್ಷೇತ್ರದ ಹೆಸರು ಕರಾವಳಿಯ ಜಿಲ್ಲೆಯದಾದರೂ ಬೆಳಗಾವಿ ಜಿಲ್ಲೆಯ ಕಿತ್ತೂರು, ಖಾನಾಪುರಗಳೂ ಅದಕ್ಕೆ ಸೇರಿವೆ. ಕಿತ್ತೂರು ಎಂದೊಡನೆ ಯಾರಿಗೂ ಚೆನ್ನಮ್ಮನೇ ಕಣ್ಣ ಮುಂದೆ ಬರುತ್ತಾಳೆ. ದೂರಸಂಪರ್ಕದ ಕೆಲಸದಲ್ಲೇ ಆಯುಷ್ಯ ಕಳೆದ ನನಗೆ ಅದರ ಜೊತೆಗೆ ಇನ್ನೊಂದೂ ನೆನಪಾಗುತ್ತದೆ. ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಎಂಜಿನಿಯರುಗಳು ನಮ್ಮ ಹಳ್ಳಿಗಳಿಗೆಂದೇ ರೂಪಿಸಿದ 128 ಲೈನುಗಳ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರ 1986ರಲ್ಲಿ ಮೊದಲು ಕೆಲಸ ಶುರುಮಾಡಿದ್ದು ಅದೇ ಕಿತ್ತೂರಿನಲ್ಲಿ. ಆ ಕಾಲಕ್ಕೆ ಹೊರದೇಶದ ಎಲೆಕ್ಟ್ರಾನಿಕ್ ವಿನಿಮಯ ಕೇಂದ್ರಗಳಿಗೆ ತಣ್ಣನೆಯ ಕೋಣೆ ಬೇಕೇ ಬೇಕಾಗಿತ್ತು. ಈ ಪುಟ್ಟ ಯಂತ್ರ ಮಾತ್ರ ಏಸಿ ಇಲ್ಲದೆ, ದೂಳು ಸೆಕೆಗಳ ನಡುವೆಯೇ ನಡೆಯಬೇಕೆಂದು ವಿನ್ಯಾಸದ ಹೊತ್ತಿನಲ್ಲೇ ತೀರ್ಮಾನವಾಗಿತ್ತು. ಹಾಗೆಯೇ ನಡೆಯಿತು. ದೇಶದ ಸಾವಿರಾರು ಹಳ್ಳಿಗಳಿಗೆ ಫೋನು ಬಂದದ್ದು ಅದರಿಂದ.

ಅಲ್ಲಿಂದ ಸುಮಾರು ನಲವತ್ತು ವರ್ಷ ಮುಂದೆ ಬಂದಿದ್ದೇವೆ. ಈಗ ಮೊಬೈಲ್ ಗೋಪುರದ ಬುಡದಲ್ಲಿರುವ ಕೊಠಡಿಯ ಬಾಗಿಲು ತೆಗೆದರೆ ಮೈ ನಡುಗುತ್ತದೆ. ಇಂಥ ಕೊಠಡಿಗಳ ನಿರ್ವಹಣೆಯೇ ನನ್ನ ಕೆಲಸವಾಗಿತ್ತು. ಹೊರಗೆ ಮೇ ತಿಂಗಳ ಬಿಸಿಲು, ಒಳಗೆ ಎರಡು ಏಸಿಗಳು 18 ಡಿಗ್ರಿಗೆ ನಿಗದಿಯಾಗಿ ಹಗಲೂ ರಾತ್ರಿ ಓಡುತ್ತಿದ್ದವು. ಉಪಕರಣದ ಕೈಪಿಡಿಯಲ್ಲಿ 40 ಡಿಗ್ರಿಯವರೆಗೆ ನಡೆಯುತ್ತದೆ ಎಂದು ಬರೆದಿತ್ತು. ದೂರಸಂಪರ್ಕ ಉಪಕರಣಗಳಿಗೆ ಯೂರೋಪಿನ ಮಾನದಂಡವೂ ಸಾಮಾನ್ಯ ಒಳಾಂಗಣದ ಮಿತಿಯನ್ನು 5ರಿಂದ 40 ಡಿಗ್ರಿ ಎಂದೇ ಇಟ್ಟಿದೆ. ಒಮ್ಮೆ ನಾನು 25ಕ್ಕೆ ಏರಿಸಿದೆ. ಮರುದಿನ ಮೇಲಿನವರಿಂದ ಬೈಗುಳ ಬಂತು, ಏಸಿ ಮತ್ತೆ 18ಕ್ಕೆ ಇಳಿಯಿತು. ಆ ಕಂಪನಿಯ ಹೆಸರು ಇಲ್ಲಿ ಬೇಡ. ನಾನು ಕಂಡ ಕಡೆಯೆಲ್ಲ ಅಭ್ಯಾಸ ಅದೇ.

ಇದರ ಹಿಂದೆ ಒಂದು ನಿಜವಾದ ಕಾರಣವೂ ಇದೆ, ಅದನ್ನು ಮುಚ್ಚಿಡಲಾರೆ. ಸೀಸ-ಆಮ್ಲದ ಬ್ಯಾಟರಿಗೆ ಸುಮಾರು 25 ಡಿಗ್ರಿ ಹಿತ. ಅದರ ಮೇಲೆ ಪ್ರತಿ 10 ಡಿಗ್ರಿ ಏರಿದಂತೆ ಬ್ಯಾಟರಿಯ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹೀಗಾಗಿ ಒಂದು ಮೂಲೆಯ ಬ್ಯಾಟರಿಗಾಗಿ ಇಡೀ ಕೊಠಡಿಯನ್ನು ತಣ್ಣಗಿಡುತ್ತಾರೆ. ಒಂದು ಪಾತ್ರೆ ಹಾಲು ಒಡೆಯಬಾರದೆಂದು ಮನೆಯನ್ನೆಲ್ಲ ತಂಪು ಮಾಡಿದ ಹಾಗಾಯಿತು. ಬ್ಯಾಟರಿಗೆ ಮಾತ್ರ ಶಾಖ ತಡೆಯುವ ಪೆಟ್ಟಿಗೆ ಮಾಡಿ, ಅದಕ್ಕೊಂದು ಸಣ್ಣ ತಂಪುಯಂತ್ರ ಜೋಡಿಸಿದರೆ ಉಳಿದ ಕೊಠಡಿ 30, 32 ಡಿಗ್ರಿಯಲ್ಲಿ ನಿಶ್ಚಿಂತೆಯಿಂದ ಇರಬಲ್ಲದು. ಅದೇ ಗೋಪುರದ ಮೇಲೆ ಬಿಸಿಲು ಮಳೆಗೆ ಮೈಯೊಡ್ಡಿ ನಿಂತಿರುವ ರೇಡಿಯೊ ಪೆಟ್ಟಿಗೆಗೆ ಯಾವ ಏಸಿಯೂ ಇಲ್ಲ ಎಂಬುದನ್ನು ದಯವಿಟ್ಟು ಗಮನಿಸಿ.

ಜನರೇಟರಿನ ಡೀಸೆಲ್ ಸುಡುವುದಕ್ಕೂ ಈ ಏಸಿ ಒಂದು ಕಾರಣ. ಕರೆಂಟು ಹೋದಾಗ ಉಪಕರಣಗಳು 48 ವೋಲ್ಟಿನ ಬ್ಯಾಟರಿಯ ಮೇಲೆ ನಡೆಯುತ್ತಲೇ ಇರುತ್ತವೆ, ಫೋನು ಕಡಿಯುವುದಿಲ್ಲ. ಏಸಿ ಮಾತ್ರ ನಿಲ್ಲುತ್ತದೆ. ಮುಚ್ಚಿದ ಕೊಠಡಿ ನೋಡನೋಡುತ್ತಿದ್ದಂತೆ ಕಾಯುತ್ತದೆ, ತಾಪದ ಎಚ್ಚರಿಕೆ ಗಂಟೆ ಬಡಿಯುತ್ತದೆ. ಬ್ಯಾಟರಿಯಲ್ಲಿ ಇನ್ನೂ ಶಕ್ತಿ ಇರುವಾಗಲೇ ಏಸಿಗಾಗಿ ಜನರೇಟರ್ ಹಚ್ಚಬೇಕಾಗುತ್ತದೆ. ಸೋಸುಗದ (ಫಿಲ್ಟರ್) ಮೂಲಕ ಹೊರಗಿನ ಗಾಳಿಯನ್ನು ಒಳಗೆಳೆಯುವ ಫ್ಯಾನ್ ಇದ್ದರೆ ಅದು ಅದೇ 48 ವೋಲ್ಟಿನಲ್ಲಿ ತಿರುಗುತ್ತದೆ. ಅಂಥ ಕಡೆ ನಡುರಾತ್ರಿ ಜನರೇಟರ್ ಹಚ್ಚಲು ಬೈಕಿನಲ್ಲಿ ಓಡಬೇಕಾದ ಹುಡುಗ ನಿದ್ದೆ ಮಾಡಬಹುದು. ಆ ಹುಡುಗ ನಾನೇ ಆಗಿದ್ದೆ.

ಆದರೆ ಒಂದೇ ಆದೇಶವನ್ನು ಎಲ್ಲ ಊರಿಗೂ ಹೊರಿಸಬೇಡಿ. ಈ ಮಾತು ನಿಮ್ಮ ಕ್ಷೇತ್ರಕ್ಕೆ ಹೊಂದುವಷ್ಟು ಬೇರೆಲ್ಲೂ ಹೊಂದಲಾರದು. ಕಿತ್ತೂರು, ಖಾನಾಪುರದ ಕಡೆ ವರ್ಷದ ಹೆಚ್ಚಿನ ರಾತ್ರಿಗಳಲ್ಲಿ ಹೊರಗಿನ ಗಾಳಿ 25 ಡಿಗ್ರಿಗಿಂತ ಕೆಳಗೇ ಇರುತ್ತದೆ. ಆ ಹೊತ್ತಿಗೆ ಅಲ್ಲಿ ಫ್ಯಾನ್ ಸಾಕು, ಸುಗ್ಗಿಯ ದೂಳಿನಲ್ಲಿ ಸೋಸುಗ ತೊಳೆಯುವ ಶಿಸ್ತೊಂದಿದ್ದರೆ. ಶಿರಸಿ, ಯಲ್ಲಾಪುರದ ಮಳೆಗಾಲದ ಗಾಳಿ ತಂಪಾದರೂ ತೇವ ಹೆಚ್ಚು. ತೇವ ಮಿತಿ ಮೀರಿದಾಗ ಗಾಳಿಕಿಂಡಿ ತಾನಾಗಿ ಮುಚ್ಚುವ ವ್ಯವಸ್ಥೆ ಅಲ್ಲಿ ಬೇಕು. ಕಾರವಾರ, ಭಟ್ಕಳದಲ್ಲಂತೂ ಕಡಲಿನ ಉಪ್ಪು ಸರ್ಕಿಟ್ ಬೋರ್ಡುಗಳನ್ನು ತಿನ್ನುತ್ತದೆ. ಅಲ್ಲಿ ಹೊರಗಾಳಿಯನ್ನು ಒಳಗೆ ಬಿಡಲೇಬಾರದು. ಗಾಳಿ ಬೆರೆಯದೆ ಶಾಖ ಮಾತ್ರ ದಾಟಿಹೋಗುವ ವಿನಿಮಯಕ ಬೇಕು.

ದೊಡ್ಡ ವಿನಿಮಯ ಕೇಂದ್ರಗಳ ಕತೆ ಬೇರೆ. ಉಪಕರಣ ಮುಂಭಾಗದಿಂದ ತಣ್ಣನೆ ಗಾಳಿ ಎಳೆದು ಹಿಂದಿನಿಂದ ಬಿಸಿಗಾಳಿ ಬಿಡುತ್ತದೆ. ಉಪಕರಣದ ಕಪಾಟುಗಳ ಒಂದು ಸಾಲಿನ ಬೆನ್ನು ಇನ್ನೊಂದರ ಮುಖಕ್ಕಿದ್ದರೆ ಒಂದರ ಉಸಿರು ಇನ್ನೊಂದರ ಮೂಗಿಗೆ. ಕಪಾಟಿನ ಖಾಲಿ ಜಾಗಗಳನ್ನು ತಗಡಿನಿಂದ ಮುಚ್ಚಿ, ಸಾಲುಗಳನ್ನು ಮುಖಾಮುಖಿ ನಿಲ್ಲಿಸಿದರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತದೆ. ಮನೆಯ ಏಸಿಯನ್ನೇ ತಂದು ಕೂರಿಸುವುದೂ ತಪ್ಪು. ಜನರ ಬೆವರು ಉಸಿರಿನ ತೇವ ತೆಗೆಯುವುದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಮಾಡಿದ ಯಂತ್ರ ಅದು. ಉಪಕರಣಗಳು ಬೆವರುವುದಿಲ್ಲ.

ದೂರಸಂಪರ್ಕ ಇಲಾಖೆ 2012ರ ಜನವರಿಯಲ್ಲಿ ಹೊರಡಿಸಿದ ನಿರ್ದೇಶನ 2020ರೊಳಗೆ ಗ್ರಾಮೀಣ ಗೋಪುರಗಳಲ್ಲಿ ಶೇ 75, ನಗರದವುಗಳಲ್ಲಿ ಶೇ 33 ಹೈಬ್ರಿಡ್ ವಿದ್ಯುತ್ತಿನಿಂದ, ಅಂದರೆ ಗ್ರಿಡ್ಡಿನ ಜೊತೆ ಸೌರದಂಥ ನವೀಕರಿಸಬಹುದಾದ ಮೂಲವೂ ಸೇರಿದ ವಿದ್ಯುತ್ತಿನಿಂದ, ನಡೆಯಬೇಕು ಎಂದಿತ್ತು. ಒಳ್ಳೆಯದೇ. ಆದರೆ ವಿದ್ಯುತ್ತು ಎಲ್ಲಿಂದ ಬಂತು ಎಂದಷ್ಟೇ ಕೇಳಿದರೆ ಸಾಲದು, ಎಲ್ಲಿ ಹೋಯಿತು ಎಂದೂ ಕೇಳಬೇಕು. ಏಸಿಯನ್ನು ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆಂದು ಇಂಧನ ದಕ್ಷತಾ ಬ್ಯೂರೊ ಹೇಳುತ್ತದೆ. 2020ರಿಂದ ಮಾರುವ ಕೋಣೆ ಏಸಿಗಳು ಹಚ್ಚಿದೊಡನೆ ತಾವಾಗಿ 24 ಡಿಗ್ರಿಯಲ್ಲಿ ಆರಂಭವಾಗಬೇಕೆಂಬ ನಿಯಮ ಬಂದಿದೆ. ಮನುಷ್ಯರಿಗೆ 24 ಸಾಕಾದರೆ ಬೀಗ ಹಾಕಿದ, ಆಳಿಲ್ಲದ ಕೊಠಡಿಗೆ 18 ಏಕೆ?

ನಾನು ಕೇಳುವುದು ಇಷ್ಟೇ. ಲೋಕಸಭೆಯಲ್ಲಿ ಸಂವಹನ ಸಚಿವರನ್ನು ಪ್ರಶ್ನಿಸಿ: ಉಪಕರಣ ಕೊಠಡಿಗಳ ತಂಪಿಗೆ ಪ್ರತ್ಯೇಕ ಮೀಟರ್ ಕಡ್ಡಾಯ ಮಾಡುತ್ತೀರಾ? ಬ್ಯಾಟರಿಯನ್ನು ಬೇರ್ಪಡಿಸಿ, ಉಳಿದ ಕೊಠಡಿಯನ್ನು ಇದಕ್ಕಿಂತ ತಣ್ಣಗಿಡಬಾರದೆಂದು ಆಯಾ ಹವೆಗೆ ತಕ್ಕ ಕನಿಷ್ಠ ತಾಪಮಾನ ಗೊತ್ತುಮಾಡುತ್ತೀರಾ? ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಜಾಲದಲ್ಲಿ ಸಿ-ಡಾಟ್ ಇದೆ, ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಕಂಪನಿ ಇದೆ. ಯಂತ್ರ ಹೇಗಿರಬೇಕೆಂದು ಹೇಳುವ ಹಕ್ಕು ಮತ್ತೆ ನಮ್ಮ ಕೈಗೆ ಬಂದಿದೆ. ಏಸಿ ಇಲ್ಲದೆ ನಡೆಯಬೇಕೆಂಬ ಕಿತ್ತೂರು ಯಂತ್ರದ ಆ ಷರತ್ತನ್ನು ಮುಂದಿನ ಖರೀದಿಗಳಲ್ಲಿ ಇನ್ನೊಮ್ಮೆ ಬರೆಸುತ್ತೀರಾ?

ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವ ಬರುತ್ತದೆ. ಆಗ ಬಂದರೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಅನುಮತಿ ಕೊಡಿಸಿ ಹತ್ತಿರದ ಒಂದು ಗೋಪುರದ ಕೊಠಡಿ ತೆಗೆಸಿ, ಒಳಗಿನ ತಾಪಮಾನವನ್ನು ನೀವೇ ಓದಿ ನೋಡಿ. ಥರ್ಮಾಮೀಟರ್ ನಾನು ತರುತ್ತೇನೆ.

ವಿಶ್ವಾಸದಿಂದ,
ನಿಮ್ಮ ಕ್ಷೇತ್ರದ ಒಬ್ಬ ನಿವೃತ್ತ ತಂತ್ರಜ್ಞ