ಬೀಗರಿಗೆ ನಮ್ಮ ತುಮಕೂರು ತೋರಿಸುವ ಮುಂಚೆ

ತುಮಕೂರು

ಚಿ. ಪುಟ್ಟನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಅಕ್ಕನ ಮದುವೆಗೆ ಧಾರವಾಡದಿಂದ ಬರುವ ಬೀಗರ ಕಡೆಯವರನ್ನು ನೋಡಿಕೊಳ್ಳುವ ಕೆಲಸ ನಿನ್ನ ಪಾಲಿಗೆ ಬಂದಿದೆ ಅಂತ ನಿಮ್ಮಪ್ಪ ಹೇಳಿದ. ನೀನು ವಾಟ್ಸಾಪಿನಲ್ಲಿ ಕಳಿಸಿದ ಪಟ್ಟಿಯನ್ನೂ ನೋಡಿದೆ. ದೇವರಾಯನದುರ್ಗ, ಗೊರವನಹಳ್ಳಿ, ಮಧುಗಿರಿ, ಶಿವಗಂಗೆ, ಎಲ್ಲವೂ ಶನಿವಾರ ಒಂದೇ ದಿನಕ್ಕೆ. ಅವತ್ತು ಸಂಜೆಯೇ ಆರತಕ್ಷತೆ ಇದೆ, ಅಲ್ವಾ? ಆ ಪಟ್ಟಿ ಬಿಟ್ಟುಬಿಡು ಮಗು. ಒಂದು ಹೊತ್ತಿಗೆ ಒಂದು ಜಾಗ, ಅಷ್ಟೇ. ಅಲ್ಲಿ ಅವರು ನಿಧಾನವಾಗಿ ಕೂತು, ನೋಡಿ, ಉಂಡು ಬರಲಿ.

ನಮ್ಮ ಪೈಕಿಯ ಒಂದು ಮದುವೆಯಲ್ಲಿ ಹೀಗೇ ಬೀಗರನ್ನು ಬಸ್ಸಿಗೆ ಹತ್ತಿಸಿ ಊರೂರು ಸುತ್ತಿಸಿದರು. ವಾಪಸ್ ಬರುವಾಗ ಹೆದ್ದಾರಿಯಲ್ಲಿ ಟ್ರಾಫಿಕ್. ಛತ್ರದಲ್ಲಿ ವಾಲಗ ಶುರುವಾಗಿತ್ತು, ಗಂಡಿನ ಸೋದರತ್ತೆ ಬಸ್ಸಿನಿಂದ ಇಳಿಯುತ್ತಲೇ ಸೆರಗಿಗೆ ಪಿನ್ ಹಾಕಿಕೊಳ್ಳುತ್ತಿದ್ದರು. ಆ ಮುಖ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ನಮ್ಮ ಹುಡುಗಿ ನಾಳೆ ಹೋಗಿ ಬಾಳಬೇಕಾದ ಮನೆಯವರು ಇವರು. ಸುಸ್ತಾಗಿ ಮಂಟಪಕ್ಕೆ ಬರಬಾರದು.

ಶನಿವಾರ ಬೆಳಗ್ಗೆ ರೈಲಿನಿಂದ ಇಳಿದ ಕೂಡಲೇ ಬಿಸಿನೀರು ಸಿದ್ಧ ಇರಲಿ. ನಮ್ಮ ಹಾಗೆ ಬರೀ ಕಾಫಿ ಮಾಡಿಸಬೇಡ, ಆ ಕಡೆಯವರಿಗೆ ಚಹಾ ಬೇಕು. ಸ್ನಾನ ಮುಗಿಸಿ ಬರುತ್ತೇವೆ ಅನ್ನುವವರನ್ನು ಮಾತ್ರ ಕ್ಯಾತ್ಸಂದ್ರಕ್ಕೆ ಕರೆದುಕೊಂಡು ಹೋಗು. ಛತ್ರದಲ್ಲಿ ಅಡುಗೆಯವರು ಎಂಥ ತಿಂಡಿ ಮಾಡಿದ್ದರೂ ಸರಿ, ತುಮಕೂರಿಗೆ ಬಂದು ತಟ್ಟೆ ಇಡ್ಲಿ ತಿನ್ನದೆ ಹೋಗಬಾರದು. ಒಲೆಯ ಹತ್ತಿರವೇ ಜಾಗ ನೋಡಿ ಕೂರಿಸು. ಒಂದರ ಮೇಲೊಂದು ತಟ್ಟೆ ಜೋಡಿಸಿದ ಸ್ಟ್ಯಾಂಡನ್ನು ಹಬೆಯಿಂದ ಎತ್ತುತ್ತಾರೆ, ಅಗಲವಾದ ಇಡ್ಲಿ ಬಿಡಿಸಿ ಮೇಲೆ ಒಂದು ಉಂಡೆ ಬೆಣ್ಣೆ ಇಡುತ್ತಾರೆ. ಬೆಣ್ಣೆ ಕರಗಿ ಅಂಚಿಗೆ ಹರಿದು ಚಟ್ನಿಗೆ ಸೇರುವ ಹೊತ್ತಿಗೆ ತಿನ್ನಬೇಕು. ಚಮಚ ಬೇಡ, ಕೈಯಲ್ಲೇ ಮುರಿಯಲಿ. ಬರದೆ ಛತ್ರದಲ್ಲೇ ಉಳಿದವರಿಗೆ ಅಂತ ಪಾರ್ಸಲ್ ಕಟ್ಟಿಸಿ ತರಬೇಡ. ಆರಿದ ಮೇಲೆ ಆ ಮೆತ್ತಗಿನ ಗುಣ ಹೋಗಿಬಿಡುತ್ತದೆ. ಅವರನ್ನು ಮಾರನೆಯ ದಿನ ಕರೆದುಕೊಂಡು ಹೋದರಾಯಿತು.

ಅಲ್ಲಿಂದ ಸಿದ್ಧಗಂಗಾ ಮಠ ಹತ್ತಿರವೇ. ಬೀಗರಲ್ಲಿ ಹಿರಿಯರು ನೀನು ಕೇಳುವ ಮುಂಚೆಯೇ ಮಠದ ಹೆಸರು ಹೇಳುತ್ತಾರೆ, ನೋಡುತ್ತಿರು. ಶಿವಕುಮಾರ ಸ್ವಾಮಿಗಳ ಗದ್ದುಗೆಗೆ ಕೈ ಮುಗಿದು ಬರಬೇಕು ಅಂತ ಎಷ್ಟು ವರ್ಷದಿಂದ ಅಂದುಕೊಂಡಿರುತ್ತಾರೋ! ಅವರು ಹುಟ್ಟಿದ್ದು 1907ರಲ್ಲಿ, ಲಿಂಗೈಕ್ಯರಾಗಿದ್ದು 2019ರ ಜನವರಿಯಲ್ಲಿ. ಆ ನೂರಾ ಹನ್ನೊಂದು ವರ್ಷದ ಬದುಕಿನಲ್ಲಿ ಅವರ ಮಠದಲ್ಲಿ ಉಂಡು ಓದಿದ ಬಡ ಮಕ್ಕಳು ನಮ್ಮ ಜಿಲ್ಲೆಯ ಊರೂರಲ್ಲೂ ಇದ್ದಾರೆ. ದಾಸೋಹದ ಮನೆಯನ್ನು ತಪ್ಪದೆ ತೋರಿಸು. ಅಲ್ಲಿನ ಒಲೆ ಆರಿದ್ದೇ ಇಲ್ಲ ಅಂತ ನಾವು ಚಿಕ್ಕಂದಿನಿಂದ ಕೇಳಿಕೊಂಡು ಬಂದಿದ್ದೇವೆ. ಸಾಲಿನಲ್ಲಿ ಕೂತು ಒಂದು ತುತ್ತು ಪ್ರಸಾದ ಉಂಡೇ ಬರಲಿ. ಬೀಗರು ಏನಾದರೂ ಕೊಡಬೇಕು ಅಂದರೆ ದಾಸೋಹಕ್ಕೇ ಕೊಡಲಿ. ಬೆಟ್ಟದ ಮೇಲೆ ಸಿದ್ಧಲಿಂಗೇಶ್ವರ ಗುಡಿ, ಗಂಗೆಯ ಸೆಲೆ ಇವೆ. ಆದರೆ ಮೆಟ್ಟಿಲು ಹತ್ತಬೇಕು. ಮಂಡಿ ನೋವಿನವರು ಕೆಳಗೇ ನೆರಳಲ್ಲಿ ಕೂತಿರಲಿ, ಅವರ ಜೊತೆ ನಮ್ಮ ಮನೆಯವರು ಒಬ್ಬರು ಇರಲಿ.

ಮಠದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸಂಜೆಯ ಪ್ರಾರ್ಥನೆ. ಸಾವಿರಾರು ಹುಡುಗರು ಬಯಲಲ್ಲಿ ಸಾಲಾಗಿ ಕೂತು ಒಂದೇ ದನಿಯಲ್ಲಿ ಹೇಳುತ್ತಾರೆ. ಕೇಳುತ್ತಾ ನಿಂತರೆ ಮೈ ಜುಮ್ಮೆನ್ನುತ್ತದೆ. ಶನಿವಾರ ಸಂಜೆ ಆಗುವುದಿಲ್ಲ. ಭಾನುವಾರ ಮುಹೂರ್ತ, ಊಟ ಎಲ್ಲಾ ಮುಗಿದು ಜನ ಸ್ವಲ್ಪ ಮಲಗಿ ಎದ್ದಿರುತ್ತಾರಲ್ಲ, ಆಗ ಹಿರಿಯರನ್ನು ಮತ್ತೊಮ್ಮೆ ಕರೆದುಕೊಂಡು ಹೋಗು. ಅದೇ ಮಠಕ್ಕೆ ಎರಡನೇ ಸಲ ಯಾಕೆ ಅನ್ನಬೇಡ. ಬೆಳಗಿನ ಮಠವೇ ಬೇರೆ, ಸಂಜೆಯ ಮಠವೇ ಬೇರೆ.

ಸೋಮವಾರ ಉಳಿದುಕೊಳ್ಳುವವರಿಗೆ ಇಡೀ ದಿನ ಇದೆ. ಶಿವಗಂಗೆ ಮಾತ್ರ ಬೇಡ, ಕಾರ್ತಿಕ ಸೋಮವಾರ ಅಲ್ಲಿ ಜನವೋ ಜನ. ಹುಡುಗರನ್ನೂ ಮಕ್ಕಳನ್ನೂ ದೇವರಾಯನದುರ್ಗಕ್ಕೆ ಕಳಿಸು. ಶನಿವಾರ ಭಾನುವಾರ ಬೆಂಗಳೂರಿನ ಕಾರುಗಳಿಂದ ಅಲ್ಲಿ ಉಸಿರಾಡುವುದೂ ಕಷ್ಟ. ಸೋಮವಾರವಾದರೆ ಗಾಳಿ, ಮಂಜು ಎಲ್ಲಾ ಇವರಿಗೇ. ಕೆಳಗೆ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ. ಗಾಡಿ ಬಹುಪಾಲು ಮೇಲಿನವರೆಗೆ ಹೋಗುತ್ತದೆ. ಇಳಿಯುವಾಗ ನಾಮದ ಚಿಲುಮೆ. ರಾಮ ಹಣೆಗೆ ನಾಮ ಇಡಲು ನೀರಿಲ್ಲದೆ ಬಂಡೆಗೆ ಬಾಣ ಬಿಟ್ಟ, ನೀರು ಚಿಮ್ಮಿತು ಅನ್ನುವ ಕಥೆ ನಿನಗೆ ಗೊತ್ತೇ ಇದೆ, ಮಕ್ಕಳಿಗೆ ನೀನೇ ಹೇಳು. ಬಂಡೆಯ ಆ ಪುಟ್ಟ ಕುಳಿಯಲ್ಲಿ ಕೈ ಅದ್ದಿ ನೋಡಲಿ. ಪಕ್ಕದಲ್ಲೇ ಜಿಂಕೆಗಳೂ ಇವೆ. ಕೋತಿಗಳ ಕಾಟ ಜಾಸ್ತಿ, ಕೈಯಲ್ಲಿ ತಿಂಡಿ ಪೊಟ್ಟಣ ಹಿಡಿದು ಯಾರೂ ಇಳಿಯಬಾರದು.

ಬೆಟ್ಟ ಹತ್ತಲಾಗದವರಿಗೆ ಗೂಳೂರು, ಕೈದಾಳ. ಇದು ನಿನ್ನ ಪಟ್ಟಿಯಲ್ಲೇ ಇರಲಿಲ್ಲ, ನನಗೆ ಬೇಜಾರಾಯಿತು. ಕುಣಿಗಲ್ ರಸ್ತೆಯಲ್ಲಿ ಊರ ಪಕ್ಕದಲ್ಲೇ ಇವೆ. ಗೂಳೂರಿನ ದೊಡ್ಡ ಮಣ್ಣಿನ ಗಣಪನನ್ನು ಬಲಿಪಾಡ್ಯಮಿಗೆ ಕೂರಿಸಿ ಕಾರ್ತಿಕವಿಡೀ ಪೂಜೆ ಮಾಡುತ್ತಾರೆ. ಬೇರೆ ತಿಂಗಳಲ್ಲಿ ಮದುವೆ ಇಟ್ಟಿದ್ದರೆ ಈ ಗಣಪ ಸಿಗುತ್ತಿರಲಿಲ್ಲ. ಭಾದ್ರಪದದಲ್ಲೇ ಗಣಪನನ್ನು ಬಿಟ್ಟು ಬಂದ ಧಾರವಾಡದವರಿಗೆ ಇದು ಹೊಸದು. ಅಲ್ಲಿಂದ ಸ್ವಲ್ಪ ಮುಂದೆ ಕೈದಾಳದ ಚೆನ್ನಕೇಶವ. 1150ರ ಸುಮಾರಿಗೆ ಹೊಯ್ಸಳರ ಕಾಲದಲ್ಲಿ ಕಟ್ಟಿಸಿದ ಗುಡಿ. ಬೇಲೂರಿನಲ್ಲಿ ಮಗ ಡಂಕಣ ತೋರಿಸಿದ ತಪ್ಪಿಗೆ ತನ್ನ ಕೈಯನ್ನೇ ಕಡಿದುಕೊಂಡ ಜಕಣಾಚಾರಿ ಹುಟ್ಟೂರಿಗೆ ಬಂದು ಈ ಕೇಶವನನ್ನು ಕಡೆದ, ಕೈ ಮತ್ತೆ ಬಂತು ಅನ್ನುತ್ತಾರೆ. ಗರ್ಭಗುಡಿಯಲ್ಲಿ ದೀಪ ಎತ್ತಿ ತೋರಿಸಿದಾಗ ಕೇಶವನ ಬೆರಳು, ಉಂಗುರ, ಸರದ ಒಂದೊಂದು ಎಸಳೂ ಕಾಣುತ್ತದೆ. ಆ ಹೊತ್ತಿಗೆ ಗುಂಪನ್ನು ಅವಸರ ಮಾಡಬೇಡ. ಬೆಳಗ್ಗೆಯೇ ಹೋಗು, ಗುಡಿ ತೆಗೆದಿರುತ್ತಾರಾ ಅಂತ ಹಿಂದಿನ ದಿನವೇ ವಿಚಾರಿಸಿಕೋ.

ಮಧುಗಿರಿ ಕೋಟೆ ಬಂಡೆ ಹತ್ತುವುದು ಸುಮ್ನೆ ಮಾತಲ್ಲ. ವರನ ಗೆಳೆಯರು ಹಟ ಹಿಡಿದರೆ ಅವರಷ್ಟೇ ಹೋಗಲಿ, ಒಳ್ಳೆ ಬೂಟು ಹಾಕಿಕೊಂಡು, ಬಿಸಿಲೇರುವ ಮುಂಚೆ. ಹೆಂಗಸರು ಗೊರವನಹಳ್ಳಿ ಲಕ್ಷ್ಮಿ ಅಂದರೆ ಬೇಡ ಅನ್ನಬೇಡ. ಶುಕ್ರವಾರದ ನೂಕುನುಗ್ಗಲು ಸೋಮವಾರ ಇರುವುದಿಲ್ಲ.

ಸೋಮವಾರ ಮಧ್ಯಾಹ್ನದ ಊಟಕ್ಕೆ ಹೋಟೆಲ್ ಹುಡುಕಬೇಡ. ಎಲ್ಲರನ್ನೂ ನಮ್ಮ ಮನೆಗೆ ಕರೆದುಕೊಂಡು ಬಾ. ಎರಡು ದಿನ ಹೋಳಿಗೆ, ಪಾಯಸ ಉಂಡ ನಾಲಿಗೆಗೆ ಖಾರ ಬೇಕಾಗಿರುತ್ತದೆ. ಮುದ್ದೆ, ಸೊಪ್ಪಿನ ಬಸ್ಸಾರು, ಪಲ್ಯ ಮಾಡುತ್ತೇನೆ. ಅವರೆಕಾಯಿ ಬಂದಿದ್ದರೆ ಹಿತಕಿದ ಬೇಳೆ ಸಾರೂ ಆಗುತ್ತದೆ. ಜೋಳದ ರೊಟ್ಟಿ ಉಂಡು ಬೆಳೆದವರಿಗೆ ಮುದ್ದೆ ಹೊಸದು. ಮೊದಲು ನಿಂಬೆಹಣ್ಣಿನಷ್ಟು ಮುರಿದು ಕೊಡು. ಸಾರಿನಲ್ಲಿ ಹೊರಳಿಸಿ ಅಗಿಯದೆ ನುಂಗುವುದನ್ನು ಪಕ್ಕದಲ್ಲಿ ಕೂತು ನೀನೇ ಮಾಡಿ ತೋರಿಸು. ಹಿಡಿಸದಿದ್ದರೆ ಬಲವಂತ ಬೇಡ, ಅನ್ನ, ಚಪಾತಿ ಇರುತ್ತವೆ. ತಾಂಬೂಲದ ಚೀಲಕ್ಕೆ ತಿಪಟೂರಿನ ಕೊಬ್ಬರಿ ಹಾಕಿಸುವಂತೆ ನಿಮ್ಮಪ್ಪನಿಗೆ ಆಗಲೇ ಹೇಳಿದ್ದೇನೆ.

ಇನ್ನು ಗಾಡಿ. ಒಂದು ದೊಡ್ಡ ಬಸ್ಸು ಬೇಡ, ಎರಡು ಟೆಂಪೋ ಟ್ರಾವೆಲರ್ ಗೊತ್ತು ಮಾಡು. ಸುಸ್ತಾದವರು ಒಂದರಲ್ಲಿ ಮೊದಲೇ ವಾಪಸ್ ಬರಬಹುದು. ಪ್ರತಿ ಗಾಡಿಯಲ್ಲೂ ನಮ್ಮ ಮನೆಯವರು ಒಬ್ಬರು ಇರಲೇಬೇಕು, ಡ್ರೈವರ್ ಮೇಲೆ ಬಿಟ್ಟು ಕಳಿಸಬೇಡ. ಬಿಪಿ, ಶುಗರ್ ಮಾತ್ರೆ ಇಟ್ಟುಕೊಂಡಿದ್ದಾರಾ ಅಂತ ಹೊರಡುವಾಗ ಒಂದು ಮಾತು ಕೇಳು. ಡ್ರೈವರಿಗೂ ಎಲೆ ಹಾಕಿಸು. ಶನಿವಾರ ಎಷ್ಟೇ ತಡ ಅಂದರೂ ಮೂರು ಗಂಟೆಗೆ ಎಲ್ಲರೂ ಛತ್ರದಲ್ಲಿರಬೇಕು.

ನಾಳೆಯೇ ಬೀಗಿತ್ತಿಗೆ ಫೋನ್ ಮಾಡಿ ಸೋಮವಾರದವರೆಗೆ ಎಷ್ಟು ಜನ ಇರುತ್ತಾರೆ, ಅದರಲ್ಲಿ ವಯಸ್ಸಾದವರು ಎಷ್ಟು ಅಂತ ಕೇಳಿ ನನಗೆ ತಿಳಿಸು. ರಾಗಿ ಹಿಟ್ಟು ಬೀಸಿಸಬೇಕು, ಎಲೆಗೆ ಹೇಳಬೇಕು.

ಇತಿ,
ನಿನ್ನ ದೊಡ್ಡಮ್ಮ