ಹೆಸರು ಬಾರದಿದ್ದರೆ ಅರಿವು ಹೋಯಿತೆಂದಲ್ಲ

ಮಾನ್ಯರೇ,

ಎರಡು ವರ್ಷದ ಹಿಂದೆ ಅಪ್ಪನಿಗೆ ಲಕ್ವ ಹೊಡೆಯಿತು. ಮಾತು ಮರಳಿತು, ನೆಂಟರಿಷ್ಟರ ಹೆಸರು ಮರಳಲಿಲ್ಲ. ಸೋದರಮಾವ ಬಂದರೆ ‘ನಿಮ್ಮಮ್ಮನ ತಮ್ಮ, ಭದ್ರಾವತಿಯವನು, ಅಡಿಕೆ ವ್ಯಾಪಾರ’ ಎನ್ನುತ್ತಾರೆ. ಹೆಸರು ಮಾತ್ರ ನಾಲಿಗೆಗೆ ಬರುವುದಿಲ್ಲ. ಗುದ್ದಲಿ, ಕುಡುಗೋಲು, ಈಳಿಗೆಮಣೆ ತೋರಿಸಿದರೆ ತಟ್ಟನೆ ಹೇಳುತ್ತಾರೆ! ನೋಡಲು ಬಂದ ಕೆಲವರು ‘ಅರಳು ಮರಳು’ ಎಂದು ಅವರ ಎದುರೇ ಅಂದುಬಿಟ್ಟರು. ಅಪ್ಪನ ಕಣ್ಣು ತುಂಬಿದ್ದನ್ನು ನಾನು ಮರೆತಿಲ್ಲ.

ಇದು ಅರಳು ಮರಳಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಹನ್ನಾ ಡಮಾಸಿಯೊ ಮತ್ತು ಸಂಗಡಿಗರು ಮೆದುಳಿಗೆ ಪೆಟ್ಟಾದ ನೂರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ, 1996ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದಿದ್ದರು. ಮೆದುಳಿನ ಎಡಗಡೆ, ಕಿವಿಯ ಹತ್ತಿರ ಇರುವ ಭಾಗದ ಮುಂತುದಿಗೆ ಪೆಟ್ಟಾದವರಿಗೆ ಹೆಚ್ಚಾಗಿ ಜನರ ಹೆಸರು ಸಿಗುತ್ತಿರಲಿಲ್ಲ. ಅದಕ್ಕಿಂತ ಹಿಂದೆ, ಕೆಳಗೆ ಪೆಟ್ಟಾದರೆ ಪ್ರಾಣಿಗಳ ಹೆಸರು. ಇನ್ನೂ ಹಿಂದಾದರೆ ಉಪಕರಣಗಳ ಹೆಸರು. ಎದುರಿಗಿರುವುದು ಯಾರು, ಏನು ಎಂಬುದು ಅವರಲ್ಲಿ ಬಹಳಷ್ಟು ಮಂದಿಗೆ ಗೊತ್ತಿತ್ತು. ಅರಿವು ಬೇರೆ, ಹೆಸರು ಹೆಕ್ಕುವುದು ಬೇರೆ, ಅಲ್ವಾ?

ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥವರಿಗೆ ಮಾತಿನ ಚಿಕಿತ್ಸೆ ಇದೆ. ತಾಲ್ಲೂಕು ಆಸ್ಪತ್ರೆಗಳಲ್ಲೂ ಒಬ್ಬೊಬ್ಬ ಚಿಕಿತ್ಸಕರು ಬೇಕು. ಲಕ್ವ ಹೊಡೆದವರನ್ನು ಅಷ್ಟು ದೂರ ಮತ್ತೆ ಮತ್ತೆ ಕರೆದೊಯ್ಯುವುದು ಸುಲಭವಲ್ಲ. ಮನೆಯವರೂ ಗದರಬಾರದು, ಸ್ವಲ್ಪ ಕಾಯಬೇಕು. ಮೊನ್ನೆ ನಾನು ಮಾವನ ಹೆಸರಿನ ಮೊದಲ ಅಕ್ಷರ ಹೇಳಿದೆ. ಉಳಿದದ್ದನ್ನು ಅಪ್ಪನೇ ಹೇಳಿದರು.

– ಓದುಗರೊಬ್ಬರು, ಶಿವಮೊಗ್ಗ