ಅಂಗಳ ಚಿಕ್ಕದು, ಅಟ್ಟ ದೂರ

ಶಿರಸಿ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಅಪ್ಪನ ಹಳೆಯ ಕಂಪ್ಯೂಟರ್ ತೆರೆದುಕೊಳ್ಳುವಷ್ಟರಲ್ಲಿ ಚಹಾ ಕುಡಿದು ಬರಬಹುದು, ಕೈಯಲ್ಲಿರುವುದು ಐದು ಸಾವಿರ ರೂಪಾಯಿ, ಕಾರವಾರದ ಅಂಗಡಿಯಲ್ಲಿ ಹೊಸದನ್ನೇ ಕಂತಿನ ಮೇಲೆ ಕೊಳ್ಳಲು ಹೇಳುತ್ತಿದ್ದಾರೆ ಎಂದು ಬರೆದಿದ್ದೀಯ. ಕಂತಿನ ಕಾಗದಕ್ಕೆ ಸಹಿ ಹಾಕಬೇಡ. ಇಂಟೆಲ್ ಕಂಪನಿಯ ನಾಲ್ಕನೆಯ ತಲೆಮಾರಿನ ಐ3 ಪ್ರೊಸೆಸರ್ ಇರುವ ಆ ಪೆಟ್ಟಿಗೆ ಬಿ.ಕಾಂ. ಓದುವವನಿಗೆ ಇನ್ನೂ ಕೆಲವು ವರ್ಷ ದುಡಿದುಕೊಡುತ್ತದೆ.

ಮೊದಲು ರೋಗ ಯಾವುದೆಂದು ನೋಡು. ಕಂಪ್ಯೂಟರ್ ಮುಗ್ಗರಿಸುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತು. ತೆರೆದುಕೊಳ್ಳುವ ಪಟ್ಟಿಯಲ್ಲಿ ಪ್ರೊಸೆಸರ್ ಸುಮ್ಮನೆ ಕುಳಿತಿದ್ದು, ಡಿಸ್ಕ್ ಮಾತ್ರ ನೂರಕ್ಕೆ ನೂರು ತೋರಿಸುತ್ತಿದ್ದರೆ ತಪ್ಪು ಪ್ರೊಸೆಸರಿನದಲ್ಲ. ನಮ್ಮ ಮನೆಯ ಲೆಕ್ಕದಲ್ಲಿ ಹೇಳುವುದಾದರೆ ರ‍್ಯಾಮ್ ಎಂದರೆ ಅಡಿಕೆ ಹರವುವ ಅಂಗಳ, ಡಿಸ್ಕ್ ಎಂದರೆ ಅಟ್ಟ. ಅಂಗಳ ಚಿಕ್ಕದಾದರೆ ಒಂದು ರಾಶಿಯನ್ನು ಬಾಚಿ ಅಟ್ಟಕ್ಕೆ ಹೊತ್ತು ಹಾಕಿದ ಮೇಲೆಯೇ ಇನ್ನೊಂದನ್ನು ಹರವಬೇಕು. ನಿನ್ನ ನಾಲ್ಕು ಜಿಬಿ ಅಂಗಳದಲ್ಲಿ ದಿನವಿಡೀ ನಡೆಯುತ್ತಿರುವುದು ಇದೇ. ಜೊತೆಗೆ ಹಳೆಯ ಹಾರ್ಡ್ ಡಿಸ್ಕಿನೊಳಗೆ ತಟ್ಟೆ ತಿರುಗಿ, ಮುಳ್ಳು ಸರಿದು, ಬೇಕಾದ ಜಾಗಕ್ಕೆ ಬರುವ ತನಕ ಎಲ್ಲವೂ ಕಾಯಬೇಕು. ಅದೇ ಕೆಲಸ ಮಾಡುವ, ಆದರೆ ಕಡತಗಳನ್ನು ಚಿಪ್ಪಿನಲ್ಲಿ (ಮೆಮೊರಿ ಕಾರ್ಡಿನಂತೆ) ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಹಾರ್ಡ್ ಡಿಸ್ಕ್ ಒಂದು ಕಡತವನ್ನು ಹುಡುಕಲು ಸುಮಾರು ಹತ್ತು ಮಿಲಿಸೆಕೆಂಡ್ ತೆಗೆದುಕೊಂಡರೆ, ಇದಕ್ಕೆ ಅದರ ನೂರರಲ್ಲೊಂದು ಪಾಲು ಸಾಕು.

ಆದ್ದರಿಂದ ಮೊದಲ ದುಡ್ಡು ಎಸ್‌ಎಸ್‌ಡಿಗೆ. 256 ಜಿಬಿ ಧಾರಾಳವಾಯಿತು. ಎರಡೂವರೆ ಇಂಚಿನ, ಹಳೆಯ ಹಾರ್ಡ್ ಡಿಸ್ಕಿನಂತೆಯೇ ತಂತಿಯಿಂದ ಜೋಡಿಸುವ ಸಾಟಾ ಮಾದರಿಯದ್ದೇ ಬೇಕೆಂದು ಹಟ ಹಿಡಿದು ಕೇಳು. ತೆಳ್ಳಗೆ ಪಟ್ಟಿಯಂತಿರುವ ಎಂ.2 ಎಷ್ಟೇ ವೇಗದ್ದಾದರೂ ಆ ಕಾಲದ ಸಾಮಾನ್ಯ ಬೋರ್ಡಿನಲ್ಲಿ ಅದಕ್ಕೆ ಕಂಡಿಯಿರುವುದಿಲ್ಲ. ಉಳಿದ ಹಣ ಇನ್ನೊಂದು ನಾಲ್ಕು ಜಿಬಿ ರ‍್ಯಾಮಿಗೆ. ನಿನ್ನದು ಡಿಡಿಆರ್3 ಎಂಬ ಹಳೆಯ ಬಗೆ, ಈಚಿನ ಡಿಡಿಆರ್4ರ ಕಚ್ಚು ಬೇರೆ ಕಡೆ ಇರುವುದರಿಂದ ಅದು ಒಳಗೆ ಹೋಗುವುದೇ ಇಲ್ಲ, ಒತ್ತಿ ತುರುಕಬೇಡ. ರ‍್ಯಾಮ್ ಬಳಸಿದ್ದಾದರೂ ಅಡ್ಡಿಯಿಲ್ಲ, ಪರೀಕ್ಷಿಸಿ ಕೊಂಡರೆ ಸಾಕು. ಆದರೆ ಎಸ್‌ಎಸ್‌ಡಿಯನ್ನು ಮಾತ್ರ ಹಳೆಯದು ತರಬೇಡ. ಬರೆದಷ್ಟೂ ಅದರ ಆಯುಷ್ಯ ಸವೆಯುತ್ತದೆ.

ಗ್ರಾಫಿಕ್ಸ್ ಕಾರ್ಡಿನ ಆಸೆಯನ್ನು ಈಗ ಬಿಡು. ಅದರ ಹಿಂದೆ ದೊಡ್ಡ ಪವರ್ ಸಪ್ಲೈ ಬರುತ್ತದೆ, ಅದರ ಹಿಂದೆ ಇನ್ನೊಂದು.

ಸ್ಕ್ರೂ ಬಿಚ್ಚುವ ಮೊದಲು ಒಂದು ಕೆಲಸ, ಇದನ್ನು ನೀನು ಮಾಡಲೇಬೇಕು. ಅಪ್ಪ ತೆಗೆದ ಫೋಟೊಗಳೆಲ್ಲ ಆ ಡಿಸ್ಕಿನಲ್ಲಿವೆ. ಬೇರೆ ಡ್ರೈವಿಗೆ ನಕಲು ಮಾಡಿ, ಹತ್ತಾರು ಫೋಟೊಗಳನ್ನಾದರೂ ಅದರಿಂದಲೇ ತೆರೆದು ನೋಡು. ನನ್ನ ಕಂಪ್ಯೂಟರನ್ನು ಒಮ್ಮೆ ದುರಸ್ತಿಗೆ ಕೊಟ್ಟಾಗ ಕೇಳದೆಯೇ ಎಲ್ಲವನ್ನೂ ಅಳಿಸಿ ವಿಂಡೋಸ್ ಹಾಕಿಕೊಟ್ಟರು. ಅಡಿಕೆಯ ಲೆಕ್ಕ ಹೋದದ್ದಕ್ಕೆ ನನಗೆ ದುಃಖವಿಲ್ಲ. ಆಯಿ ಜಗುಲಿಯಲ್ಲಿ ಕುಳಿತು ಹೇಳಿದ ಮದುವೆಯ ಹಾಡುಗಳ ಧ್ವನಿಮುದ್ರಣ ಅದರಲ್ಲಿತ್ತು. ಆರತಿಯ ಹಾಡಿನ ನಡುವೆ ಕೆಮ್ಮಿ, ಮತ್ತೆ ಮೊದಲಿನಿಂದ ಎತ್ತಿಕೊಂಡಿದ್ದಳು. ಅವಳ ಧ್ವನಿ ಈಗ ನಮ್ಮಲ್ಲಿ ಯಾರ ಬಳಿಯೂ ಇಲ್ಲ.

ಪೆಟ್ಟಿಗೆ ತೆರೆದಾಗ ಧೂಳು ತೆಗೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ತಡೆದಿಡು. ರ‍್ಯಾಮಿನ ಅಂಚಿನ ಚಿನ್ನದ ಬಣ್ಣದ ಹಲ್ಲುಗಳನ್ನು ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜು, ಪುಡಿ ಉಳಿಯದಂತೆ ಒರೆಸು. ಸಮುದ್ರದ ಉಪ್ಪುಗಾಳಿಗೆ ನಿಮ್ಮಲ್ಲಿ ಲೋಹ ಬೇಗ ಮಾಸುತ್ತದೆ. ದಿನಾಂಕ ಪದೇ ಪದೇ ಹಿಂದೆ ಹೋಗುತ್ತದೆ ಎಂದಿದ್ದೆಯಲ್ಲ, ಅದು ಬೋರ್ಡಿನ ಮೇಲಿನ ಸಿಆರ್2032 ಸೆಲ್ ಮುಗಿದಿರುವುದರ ಗುರುತು. ನಾಣ್ಯದಂತಿರುವ ಆ ಸೆಲ್ಲಿಗೆ ಹೆಚ್ಚು ಬೆಲೆಯಿಲ್ಲ.

ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು, ಅಂದರೆ ಸುರಕ್ಷತೆಯ ತಿದ್ದುಪಡಿಗಳನ್ನು, ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೆಯ ತಲೆಮಾರಿನಿಂದ ಈಚಿನ ಪ್ರೊಸೆಸರ್ ಬೇಕು. ಅಡ್ಡದಾರಿಯಲ್ಲಿ ಹಾಕಿಕೊಡುತ್ತೇವೆ ಎನ್ನುವವರು ಸಿಗುತ್ತಾರೆ, ಒಪ್ಪಬೇಡ. ಎಸ್‌ಎಸ್‌ಡಿಯನ್ನು ಎರಡು ಪಾಲು ಮಾಡು. ಒಂದರಲ್ಲಿ ವಿಂಡೋಸಿನ ಬದಲು ಬಳಸುವ ಲಿನಕ್ಸ್ ಮಿಂಟ್ ಹಾಕಿ ಇಂಟರ್ನೆಟ್, ಬ್ಯಾಂಕು, ಕಾಲೇಜಿನ ಬರವಣಿಗೆಯನ್ನೆಲ್ಲ ಅಲ್ಲಿಯೇ ಮಾಡು. ಅದು ಉಚಿತ, ಕನ್ನಡಕ್ಕೆ ಕಗಪ ಕೀಲಿಮಣೆಯೂ ಅದರಲ್ಲಿದೆ. ಇನ್ನೊಂದರಲ್ಲಿ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ಕಲಿಯಲು ವಿಂಡೋಸ್ 10 ಇರಲಿ, ಅದಕ್ಕೆ ಇಂಟರ್ನೆಟ್ ಕೊಡಬೇಡ. ಹಳೆಯ ಹಾರ್ಡ್ ಡಿಸ್ಕ್ ಪಕ್ಕದಲ್ಲಿಯೇ ಅಟ್ಟವಾಗಿ ಮುಂದುವರಿಯಲಿ.

ಮಳೆಗಾಲದ ಮೊದಲಿನ ಗುಡುಗಿನ ದಿನಗಳಲ್ಲಿ ಗೋಡೆಯ ಪ್ಲಗ್ ಕಿತ್ತರೆ ಸಾಲದು, ಮೋಡೆಮಿನಿಂದ ಬರುವ ತಂತಿಯನ್ನೂ ಕೀಳು. ಸಿಡಿಲು ಆ ದಾರಿಯಿಂದಲೂ ಒಳಗೆ ಬರುತ್ತದೆ. ಜಡಿಮಳೆ ಹಿಡಿದಾಗ ಕೆಲಸವಿಲ್ಲದಿದ್ದರೂ ದಿನಕ್ಕೆ ಅರ್ಧ ಗಂಟೆ ಹಚ್ಚಿಡು, ಒಳಗಿನ ತೇವ ಆರುತ್ತದೆ.

ಈಗಿರುವ ರ‍್ಯಾಮನ್ನು ತೆಗೆದು ಅದರ ಮೇಲಿನ ಚೀಟಿಯ ಫೋಟೊ ಕಳುಹಿಸು. ನನ್ನ ಹಳೆಯ ಪೆಟ್ಟಿಗೆಯಲ್ಲಿ ನಾಲ್ಕು ಜಿಬಿಯ ತುಂಡೊಂದು ಉಳಿದಿದೆ. ಹೊಂದುವಂತಿದ್ದರೆ ಕಾರವಾರದ ಬಸ್ಸಿಗೆ ಬರುವ ಯಾರದಾದರೂ ಕೈಯಲ್ಲಿ, ಅತ್ತೆ ಮಾಡಿದ ಹಲಸಿನ ಹಪ್ಪಳದ ಕಟ್ಟಿನೊಡನೆ ಕೊಟ್ಟು ಕಳುಹಿಸುತ್ತೇನೆ.

ನಿನ್ನ ಪ್ರೀತಿಯ ಮಾವ